ಬೆಲೆ ಬರೆದಿದ್ದೀರಿ, ಲೆಕ್ಕ ಬರೆದಿಲ್ಲ

ನಮಸ್ಕಾರ.

ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ ಮಾಡುತ್ತಾ ಬರವಣಿಗೆಗೂ ಕೈ ಹಾಕಿದ್ದೀರಿ, ಖುಷಿಯಾಯಿತು. ಆದರೆ ನೀವು ಕಳಿಸಿದ 'ಕೋಟಿ ರೂಪಾಯಿಯ ಹೃದಯ' ಈಗಿರುವ ಹಾಗೆ ನಮ್ಮ ಪತ್ರಿಕೆಗೆ ಆಗುವುದಿಲ್ಲ. ತಿದ್ದಿದರೆ ಆಗುತ್ತದೆ ಅನ್ನಿಸಿದ್ದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳಲು ಹೊರಟಿದ್ದು ಇಷ್ಟು. ಹೃದಯ ತೀರಾ ಸೋತವರಿಗೆ ಎದೆಯೊಳಗೆ ಕೂರಿಸುವ ಎಲ್‌ವ್ಯಾಡ್ ಎಂಬ ಪಂಪಿಗೆ ನಮ್ಮಲ್ಲಿ ಕೋಟಿ ರೂಪಾಯಿಯ ಆಸುಪಾಸು ಖರ್ಚು. ಆದ್ದರಿಂದ ಅದು ಬಡವರಿಗೆ ಎಟುಕುವುದಿಲ್ಲ. ನಿಜ. ಆದರೆ ಇದನ್ನು ಹೇಳಲು ನಾಲ್ಕು ಪುಟ ಬೇಕಾ? ತಲೆಬರಹದ ಕೆಳಗೆ 'ಕೊಟ್ಟ ಕಾಸಿಗೆ ತಕ್ಕ ಫಲವೇ?' ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರ ಲೇಖನದಲ್ಲಿ ಎಲ್ಲೂ ಇಲ್ಲ. ಕೈಗೆಟುಕುತ್ತದೆಯೇ ಅನ್ನುವುದು ಒಂದು ಮಾತು, ಕೊಟ್ಟ ದುಡ್ಡಿಗೆ ತಕ್ಕದ್ದು ಸಿಗುತ್ತದೆಯೇ ಅನ್ನುವುದು ಇನ್ನೊಂದು. ಎರಡನ್ನೂ ಕಲಸಿಬಿಟ್ಟಿದ್ದೀರಿ.

ಎರಡನೆಯದಕ್ಕೆ ಉತ್ತರ ಬೇಕಾದರೆ, ಯಾವುದಕ್ಕೆ ಹೋಲಿಸಿ ಅಂತ ಮೊದಲು ಕೇಳಬೇಕು. ಪಂಪ್ ಹಾಕದಿದ್ದರೆ ಆ ರೋಗಿ ಎಷ್ಟು ದಿನ ಇರುತ್ತಾನೆ, ಹೇಗಿರುತ್ತಾನೆ, ಅವನಿಗೆಷ್ಟು ಖರ್ಚು? ನಿಮ್ಮ ಲೇಖನದಲ್ಲಿ ಪಂಪ್ ಹಾಕಿಸಿಕೊಳ್ಳದ ರೋಗಿ ಒಬ್ಬನೂ ಇಲ್ಲ.

ನೀವೇ ಎತ್ತಿಕೊಂಡಿರುವ 2017ರ ಅಮೆರಿಕದ ಅಧ್ಯಯನ ನೋಡಿ. ಅದರಿಂದ 2,09,400 ಡಾಲರ್ ಅನ್ನುವ ಒಂದೇ ಅಂಕಿ ತೆಗೆದು, ರೂಪಾಯಿಗೆ ಗುಣಿಸಿ, 'ಒಂದು ವರ್ಷ ಬದುಕಲು ಒಂದೂಮುಕ್ಕಾಲು ಕೋಟಿ!' ಎಂದು ಬರೆದಿದ್ದೀರಿ. ಆಶ್ಚರ್ಯಸೂಚಕ ಬೇರೆ. ಆ ಅಂಕಿ ಹುಟ್ಟಿದ್ದು ಹೇಗೆಂದು ಓದುಗರಿಗೆ ತೋರಿಸಿ, ಕೂಡಿ ಕಳೆಯಲು ಬಂದವರಿಗೆಲ್ಲ ಅರ್ಥವಾಗುತ್ತದೆ. ಅದು ಹೃದಯ ಬಹಳ ಸೋತಿದ್ದರೂ ಡ್ರಿಪ್ ಔಷಧಿಯ ಆಸರೆಯಿಲ್ಲದೆ ಮನೆಯಲ್ಲೇ ಇರುವ ರೋಗಿಗಳ ಲೆಕ್ಕ. ಬರೀ ಔಷಧಿಯಲ್ಲೇ ಮುಂದುವರಿದರೆ ಜೀವಮಾನದ ಖರ್ಚು 3,61,800 ಡಾಲರ್. ಪಂಪ್ ಹಾಕಿದರೆ 7,26,200. ಜಾಸ್ತಿ ಖರ್ಚಾಗಿದ್ದು 3,64,400. ಪ್ರತಿಯಾಗಿ ಸಿಕ್ಕಿದ್ದು? ಆಯಸ್ಸನ್ನೂ ಆರೋಗ್ಯವನ್ನೂ ಸೇರಿಸಿ ಅಳೆಯುವ ಕ್ವಾಲಿ ಎಂಬ ಲೆಕ್ಕದಲ್ಲಿ, ಔಷಧಿಯಲ್ಲಿ 2.67, ಪಂಪಿನಲ್ಲಿ 4.41. ಅಂದರೆ 1.74 ಜಾಸ್ತಿ. ಭಾಗಿಸಿ ನೋಡಿ, ನಿಮ್ಮ ಅಂಕಿ ಬರುತ್ತದೆ.

ಈಗ ನೀವು ಎಡವಿದ ಜಾಗಕ್ಕೆ ಬರೋಣ. ಕ್ವಾಲಿ ಅಂದರೆ ಸುಮ್ನೆ ಒಂದು ವರ್ಷದ ಬದುಕಲ್ಲ. ಪೂರ್ತಿ ಆರೋಗ್ಯವಾಗಿ ಕಳೆದ ವರ್ಷಕ್ಕೆ 1 ಅಂಕ. ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂದು, ರಾತ್ರಿ ಮಲಗಲಾರದೆ ದಿಂಬಿಗೊರಗಿ ಕೂತು ಕಳೆದ ವರ್ಷಕ್ಕೆ ಅರ್ಧವೋ ಅದಕ್ಕಿಂತ ಕಡಿಮೆಯೋ. ಅದೇ ಅಧ್ಯಯನದಲ್ಲಿ ಬರೀ ಆಯಸ್ಸಿನ ಲೆಕ್ಕವೂ ಇದೆ: ಹೆಚ್ಚಿದ ಒಂದೊಂದು ವರ್ಷಕ್ಕೆ 5,97,400 ಡಾಲರ್. ಅಂದರೆ ಈ ರೋಗಿಗಳಿಗೆ ಆಯಸ್ಸಿನಲ್ಲಿ ಸಿಕ್ಕ ಲಾಭ ಒಂದು ವರ್ಷವೂ ತುಂಬಲಿಲ್ಲ. ಇದ್ದಷ್ಟು ದಿನ ಉಸಿರಾಡಿಕೊಂಡು, ನಡೆದಾಡಿಕೊಂಡು ಇರುವುದರಲ್ಲೇ ಹೆಚ್ಚಿನ ಲಾಭ. ಲೇಖನದ ನಡುಮನೆಯಲ್ಲಿ ಇರಬೇಕಾದದ್ದು ಇದು. ನಿಮ್ಮಲ್ಲಿ ಹಿತ್ತಲಿನಲ್ಲೂ ಇಲ್ಲ.

ಮೂರನೇ ಪುಟದಲ್ಲಿ '2004ರಲ್ಲೇ 8 ಲಕ್ಷ ಡಾಲರ್ ಆಗಿತ್ತು, ಈಗ ಎಷ್ಟಾಗಿರಬೇಡ' ಎಂದಿದ್ದೀರಿ. ಇದಂತೂ ತಲೆಕೆಳಗು. 2004ರ ಒಂದು ಅಂದಾಜಿನಲ್ಲಿ ಕ್ವಾಲಿಯೊಂದಕ್ಕೆ 8,02,700 ಡಾಲರ್ ಇದ್ದದ್ದು 2012ರ ಲೆಕ್ಕದಲ್ಲಿ 1,98,184ಕ್ಕೆ ಇಳಿದಿತ್ತು. ಪಂಪೇ ಬದಲಾಗಿತ್ತು, ಅಲ್ವಾ? 2001ರಲ್ಲಿ ಫಲಿತಾಂಶ ಬಂದ ರಿಮ್ಯಾಚ್ ಪರೀಕ್ಷೆಯಲ್ಲಿ 129 ರೋಗಿಗಳಿದ್ದರು. ವರ್ಷದ ಕೊನೆಗೆ ಪಂಪ್ ಇದ್ದವರಲ್ಲಿ ನೂರಕ್ಕೆ 52 ಮಂದಿ ಉಳಿದಿದ್ದರು, ಬರೀ ಔಷಧಿಯವರಲ್ಲಿ 25. ಎರಡು ವರ್ಷಕ್ಕೆ ಅದು 23 ಮತ್ತು 8. ಹೃದಯದ ಹಾಗೆಯೇ ಲಬ್‌ಡಬ್ ಎಂದು ಮಿಡಿಯುತ್ತಿದ್ದ ಆ ಪಂಪ್ ಸವೆಯುತ್ತಿತ್ತು. ಎರಡು ವರ್ಷದೊಳಗೆ ಕೆಡುವ ಸಾಧ್ಯತೆ ನೂರಕ್ಕೆ 35. ಆಮೇಲೆ ಬಂದ ಹಾರ್ಟ್‌ಮೇಟ್ 2 ಮಿಡಿಯುವುದಿಲ್ಲ, ಒಂದೇ ಸಮನೆ ತಿರುಗುತ್ತದೆ. 2009ರ ಪರೀಕ್ಷೆಯಲ್ಲಿ ಎರಡು ವರ್ಷಕ್ಕೆ ನೂರಕ್ಕೆ 58 ಮಂದಿ ಉಳಿದರು, ಹಳೆ ಪಂಪಿನವರು 24. ಈಗಿನ ಹಾರ್ಟ್‌ಮೇಟ್ 3ರಲ್ಲಿ ತಿರುಗುವ ಚಕ್ರ ಅಯಸ್ಕಾಂತದ ಬಲದಲ್ಲಿ ಎಲ್ಲಿಗೂ ತಾಗದೆ ತೇಲುತ್ತದೆ. ಅದರಲ್ಲಿ ಐದು ವರ್ಷಕ್ಕೆ ನೂರಕ್ಕೆ 58. ರೋಗಿಗಳ ಗುಂಪು ಬೇರೆ, ಹಾಗಾಗಿ ಎರಡು 58ಗಳನ್ನು ಪಕ್ಕಪಕ್ಕ ಇಟ್ಟು ಮೆರೆಸಬೇಡಿ. ಆದರೆ ಯಾವ ಪಂಪಿನ, ಯಾವ ಕಾಲದ ಲೆಕ್ಕ ಅಂತ ಹೇಳದೆ ಅಂಕಿ ಬರೆಯಲೂ ಬೇಡಿ. ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ಅಂತಲೂ ಪ್ರತಿ ಸಲ ನೋಡಿ. ಪಂಪ್ ಮಾರುವವರೇ ಲೆಕ್ಕ ಹಾಕಿಸಿದರೆ ಅದು ಸುಳ್ಳಾಗಬೇಕಿಲ್ಲ, ಓದುಗರಿಗೆ ಗೊತ್ತಿರಬೇಕು ಅಷ್ಟೇ.

ನನಗೆ ಬೇಸರವಾದದ್ದು ಇದಕ್ಕಲ್ಲ. ಬಿಲ್ ಮಾಡುವವರು ನೀವು, ಬಿಲ್ಲನ್ನೇ ಮರೆತಿದ್ದೀರಿ. ಲೇಖನ ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ಮುಗಿಯುತ್ತದೆ. ಪಂಪ್ ಹಾಕಿಸಿಕೊಂಡವನ ಹೊಟ್ಟೆಯಿಂದ ಒಂದು ಕೇಬಲ್ ಹೊರಗೆ ಬಂದಿರುತ್ತದೆ. ಅದು ಸೊಂಟದ ಕಂಟ್ರೋಲರಿಗೆ, ಅಲ್ಲಿಂದ ಎರಡು ಬ್ಯಾಟರಿಗೆ. ಕೇಬಲ್ ಹೊರಬಂದ ಜಾಗಕ್ಕೆ ಕೈ ತೊಳೆದು, ಮಾಸ್ಕ್ ಹಾಕಿ, ಡ್ರೆಸ್ಸಿಂಗ್ ಬದಲಿಸಬೇಕು. ಕೀವಾಯಿತೋ, ಮತ್ತೆ ಅಡ್ಮಿಟ್. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ, ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ನೋಡಲು ಆಗಾಗ ಐಎನ್‌ಆರ್ ಪರೀಕ್ಷೆ. ಮಾತ್ರೆ ಹೆಚ್ಚಾದರೆ ಕರುಳಿನಲ್ಲಿ ರಕ್ತಸ್ರಾವ, ಕಡಿಮೆಯಾದರೆ ಲಕ್ವದ ಭಯ. ಪಂಪ್ ಮಿಡಿಯದೆ ಒಂದೇ ಸಮನೆ ತಿರುಗುವುದರಿಂದ ನಾಡಿ ಹಿಡಿದರೆ ಎಷ್ಟೋ ಸಲ ಸಿಗುವುದೇ ಇಲ್ಲ. ಹಳ್ಳಿಯ ಕಾಂಪೌಂಡರ್ ಇದನ್ನು ನೋಡಿ ಏನಂದುಕೊಳ್ಳಬೇಕು! 2017ರ ಆ ಅಧ್ಯಯನವೇ ಹೇಳುತ್ತದೆ: ಮರಳಿ ಅಡ್ಮಿಟ್ ಆಗುವುದು ಮತ್ತು ಹೊರರೋಗಿ ಖರ್ಚು ಅರ್ಧಕ್ಕಿಳಿದರೆ 2,09,400 ಡಾಲರ್ 86,900ಕ್ಕೆ ಬರುತ್ತದೆ. ಲೆಕ್ಕ ಗೆಲ್ಲುವುದೂ ಸೋಲುವುದೂ ಡಿಸ್ಚಾರ್ಜ್ ಆದಮೇಲೆ. ನಿಮ್ಮ ಕೌಂಟರಿಗೆ ಎರಡನೇ ಸಲ, ಮೂರನೇ ಸಲ ಬರುವವರ ಬಿಲ್ಲಿನಲ್ಲಿ ಏನೇನಿರುತ್ತದೆ ಎಂದು ನೀವು ಬರೆದರೆ ಬೇರೆ ಯಾರೂ ಬರೆಯಲಾಗದ್ದು ಬರೆದಂತೆ. ಹೆಸರು, ಊರು ಮಾತ್ರ ಬೇಡ.

ಇನ್ನೊಂದು ಕಹಿ ಮಾತು, ಇದನ್ನು ಮುಚ್ಚಿಡದೆ ಬರೆಯಿರಿ. ಬೇಗ ತೀರಿಕೊಂಡವರು ಈ ಲೆಕ್ಕದಲ್ಲಿ ಅಗ್ಗ. ಪಂಪಿನಿಂದ ಬದುಕಿದವನು ಮುಂದೆಯೂ ಮಾತ್ರೆ ನುಂಗುತ್ತಾನೆ, ಮತ್ತೆ ಆಸ್ಪತ್ರೆಗೆ ಬರುತ್ತಾನೆ. ಆ ಖರ್ಚೆಲ್ಲ ಪಂಪಿನ ತಲೆಗೇ ಬೀಳುತ್ತದೆ. ಇದು ಸರಿಯೇ ಅಂತ ಜಗಳ ಆಡುವವರಿದ್ದಾರೆ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಇಂಗ್ಲೆಂಡಿನಲ್ಲಿ ಬಹಳ ವರ್ಷ ಕ್ವಾಲಿಗೆ 20ರಿಂದ 30 ಸಾವಿರ ಪೌಂಡ್‌ವರೆಗೆ ತಕ್ಕ ಬೆಲೆ ಎಂಬ ಗೆರೆ ಇತ್ತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಪಂಪಿಗೆ ದುಡ್ಡು ಕೊಡುತ್ತಾ ಬಂದದ್ದು ಮುಖ್ಯವಾಗಿ ಹೃದಯ ಕಸಿಗೆ ಕಾಯುವವರಿಗೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2003ರಲ್ಲೇ, ಅಂಕಿ ತೀರಾ ಕೆಟ್ಟದಾಗಿದ್ದ ಕಾಲದಲ್ಲೇ, ಕಸಿ ಸಾಧ್ಯವಿಲ್ಲದವರಿಗೂ ಕೊಡಲು ಶುರು ಮಾಡಿತು. ಒಂದೇ ಪಂಪಿನ ಬಗ್ಗೆ ಎರಡು ದೇಶ ಎರಡು ದಾರಿ ಹಿಡಿದವು. ಇದಕ್ಕೆ ಎರಡು ಪ್ಯಾರಾ ಕೊಡಿ.

ಡಾಲರನ್ನು ರೂಪಾಯಿಗೆ ಗುಣಿಸುವುದನ್ನು ಮಾತ್ರ ಪೂರ್ತಿ ತೆಗೆದುಹಾಕಿ. ನಮ್ಮಲ್ಲಿ ಹಾಸಿಗೆ, ನರ್ಸ್, ಸರ್ಜನ್ ಎಲ್ಲ ಅಮೆರಿಕಕ್ಕಿಂತ ಅಗ್ಗ. ಪಂಪ್ ಮಾತ್ರ ಹೊರಗಿನಿಂದ ಬರಬೇಕು. ಅಲ್ಲಿ ಆಮೇಲಿನ ಆರೈಕೆ ಲೆಕ್ಕ ಏರಿಸಿದರೆ ಇಲ್ಲಿ ಯಂತ್ರದ ಬೆಲೆಯೇ ಏರಿಸುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ ಅಂತ ನೀವು ಬರೆದದ್ದು ಸರಿ, ಅದು ಎಟುಕುವ ಪ್ರಶ್ನೆಯ ಭಾಗಕ್ಕೆ ಹೋಗಲಿ. ಕಂಪನಿಯ ಆಯಸ್ಸನ್ನೂ ಸೇರಿಸಿ. 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಸ್ಟ್ರೇಲಿಯಾದ ವೆಂಟ್ರ್‌ಅಸಿಸ್ಟ್ ಪಂಪ್ ಹಾಕಿದ್ದರು. ಮರುವರ್ಷವೇ ಅದನ್ನು ಮಾಡುತ್ತಿದ್ದ ಕಂಪನಿ ದಿವಾಳಿಯಾಯಿತು. 2021ರಲ್ಲಿ ಮೆಡ್‌ಟ್ರಾನಿಕ್ ಕಂಪನಿ ತನ್ನ ಎಚ್‌ವ್ಯಾಡ್ ಪಂಪ್ ಮಾರುವುದನ್ನೇ ನಿಲ್ಲಿಸಿತು. ಎದೆಯೊಳಗೆ ಆ ಪಂಪ್ ಇದ್ದವರು ಬ್ಯಾಟರಿ, ಬಿಡಿಭಾಗಕ್ಕೆ ಯಾರ ಮುಖ ನೋಡಬೇಕು?

ಸಣ್ಣಪುಟ್ಟದ್ದು ಕೆಲವು. ರೋಗಿಯ ಹೃದಯ ಅಲ್ಲೇ ಇರುತ್ತದೆ, ಮೈಗೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಗೆ ಪಂಪ್ ಹೆಗಲು ಕೊಡುತ್ತದೆ ಅಷ್ಟೇ, ಹಾಗಾಗಿ 'ಕೃತಕ ಹೃದಯ' ಅನ್ನಬೇಡಿ. 'ವಿಜ್ಞಾನದ ವಿಸ್ಮಯ' ಐದು ಸಲ ಬಂದಿದೆ, ಐದನ್ನೂ ಕಿತ್ತುಹಾಕಿ. ಯಮಧರ್ಮನನ್ನು ಕರೆದು ಶುರು ಮಾಡಿದ ಮೊದಲ ಪ್ಯಾರಾ ಬೇಡವೇ ಬೇಡ.

1,200 ಪದದೊಳಗೆ ತನ್ನಿ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಸಿಕ್ಕರೆ ಆ ಸಂಚಿಕೆಗೇ ನೋಡುತ್ತೇನೆ. ಬಿಲ್ಲಿನ ಭಾಗವನ್ನು ಮೊದಲು ಬರೆದು ಕಳಿಸಿದರೂ ಸರಿ, ಉಳಿದದ್ದು ಆಮೇಲೆ ಕೂರಿಸೋಣ.

ಇಂತಿ,
ಸಂಪಾದಕ