ದೂರದ ಮೀಟಿಂಗ್: ಪರದೆ ದೊಡ್ಡದಾದರೆ ಸಾಕಾ?

ಪ್ರಶ್ನೆ: ನಮ್ಮ ಎರಡು ಆಫೀಸುಗಳು ಬೇರೆ ಬೇರೆ ಖಂಡಗಳಲ್ಲಿವೆ. ತಿಂಗಳಿಗೆ ಎರಡು ಸಲ ವಿಮಾನ ಹತ್ತುವುದು ದುಬಾರಿ, ಸುಸ್ತು ಬೇರೆ. ವಿಡಿಯೊ ಕರೆಯಲ್ಲಾದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ವ್ಯವಹಾರ ಕುದುರುವುದಿಲ್ಲ. ಎದುರೇ ಕೂತಂತೆ ಕಾಣುವ ದೊಡ್ಡ ಪರದೆಯ ಕೋಣೆ ಮಾಡಿಸೋಣವೇ, ತಲೆಗೆ ಕಟ್ಟಿಕೊಂಡು ಕಣ್ಣ ಮುಂದೆ 3ಡಿ ನೋಟ ಕಾಣುವ ವಿಆರ್ ಹೆಡ್‌ಸೆಟ್ ಕೊಳ್ಳೋಣವೇ?

ಉತ್ತರ: ಎರಡಕ್ಕೂ ಮೊದಲು, ಮಾತಿನ ಮೇಲೆ ಮಾತು ಯಾಕೆ ಬೀಳುತ್ತಿದೆ ಅಂತ ನೋಡಿ. ಇದಕ್ಕೆ ಕಾರಣ ಪರದೆ ಅಲ್ಲ, ಮಾತು ಆಚೆ ಕಡೆ ತಲುಪುವಾಗ ಆಗುವ ತಡ.

ಎದುರು ಕೂತು ಮಾತಾಡುವಾಗ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸುಮಾರು 200 ಮಿಲಿಸೆಕೆಂಡ್ ಇರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಕರೆಯಲ್ಲೇ ಅಷ್ಟು ತಡವಾದರೆ, 'ಅವರು ಸುಮ್ಮನಾದರು' ಅಂತ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಅದಕ್ಕೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಕರೆಯನ್ನು ಹೊತ್ತೊಯ್ಯುವ ಫೈಬರ್ (ಗಾಜಿನ ಎಳೆ) ಕೇಬಲ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 10,000 ಕಿ.ಮೀ. ದೂರಕ್ಕೆ 50 ಮಿಲಿಸೆಕೆಂಡ್ ಹೋಯಿತು. ಯಾವ ಕಂಪನಿಯೂ ಅದನ್ನು ಉಳಿಸಿಕೊಡಲಾರದು. ಕ್ಯಾಮೆರಾ, ಚಿತ್ರ ಕುಗ್ಗಿಸುವುದು, ನಿಮ್ಮ ವೈಫೈ, ಎಲ್ಲವೂ ಉಳಿದ 100ರಲ್ಲೇ ಮುಗಿಯಬೇಕು. ಹಾಗಾಗಿ ಮೊದಲು ವೈಫೈ ಬಿಟ್ಟು ಕೇಬಲ್ ಎಳೆಸಿ. ಒಳ್ಳೆಯ ಮೈಕ್ ತನ್ನಿ. ಕೋಣೆಯ ಗೋಡೆಗಳು ದನಿ ಮರುಕಳಿಸದಂತೆ ಮಾಡಿಸಿ. ಚಿತ್ರ ಒಂದಿಷ್ಟು ಮಸುಕಾದರೆ ಜನ ಸಹಿಸುತ್ತಾರೆ, ದನಿ ತುಂಡಾದರೆ ಮಾತೇ ನಿಲ್ಲುತ್ತದೆ.

ಇಷ್ಟಾದ ಮೇಲೆ ಕೋಣೆಯ ವಿಷಯ. 2005ರ ಎಚ್‌ಪಿ ಹೇಲೊ, 2006ರ ಸಿಸ್ಕೊ ಟೆಲಿಪ್ರೆಸೆನ್ಸ್ ಎಂಬ ದೊಡ್ಡ ಪರದೆಯ ಮೀಟಿಂಗ್ ಕೋಣೆಗಳ ಗುಟ್ಟು ಪರದೆಯಲ್ಲಷ್ಟೇ ಇರಲಿಲ್ಲ. ಎರಡೂ ಕಡೆ ಒಂದೇ ಥರದ ಮೇಜು, ಒಂದೇ ಬಣ್ಣದ ಗೋಡೆ, ಅದೇ ಬೆಳಕು. ಆಚೆಯವರು ನಿಜ ಗಾತ್ರದಲ್ಲಿ ಕಾಣಬೇಕು, ಬಲಕ್ಕೆ ಕೂತವರ ದನಿ ಬಲದಿಂದಲೇ ಬರಬೇಕು. ಇನ್ನೊಂದು, ನೋಟ. ಕ್ಯಾಮೆರಾ ಪರದೆಯ ಮೇಲ್ತುದಿಯಲ್ಲಿದ್ದಾಗ ನೀವು ಪರದೆಯಲ್ಲಿ ಅವರ ಕಣ್ಣು ನೋಡಿದರೆ, ಅವರಿಗೆ ನೀವು ತಲೆ ತಗ್ಗಿಸಿದಂತೆ ಕಾಣುತ್ತದೆ. ಕ್ಯಾಮೆರಾ ಪರದೆಯಲ್ಲಿ ಕಾಣುವ ಅವರ ಕಣ್ಣಿಗಿಂತ ಸುಮಾರು 5 ಡಿಗ್ರಿ ಮೇಲಿರುವವರೆಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. 2 ಮೀಟರ್ ದೂರ ಕೂತರೆ ಅದು ಸುಮಾರು 17 ಸೆಂಟಿಮೀಟರ್. ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಹತ್ತಿರ ಕೂತಾಗ ಈ ಲೆಕ್ಕ ಕೈಕೊಡುತ್ತದೆ, ಅಲ್ವಾ? ಸ್ವಲ್ಪ ಹಿಂದೆ ಸರಿದು ನೋಡಿ, ಇದಕ್ಕೆ ಖರ್ಚೇ ಇಲ್ಲ.

ಇಬ್ಬರೇ ಕೂರುವ ಮಾತುಕತೆಗೆ ಕನ್ನಡಕವಿಲ್ಲದೆ 3ಡಿ ತೋರಿಸುವ ಗೂಗಲ್ ಬೀಮ್ ಬಂದಿದೆ. 2021ರಲ್ಲಿ ಇದನ್ನು ಸ್ಟಾರ್‌ಲೈನ್ ಎಂಬ ಹೆಸರಲ್ಲಿ ತೋರಿಸಿದ್ದರು.

ಹೆಡ್‌ಸೆಟ್ ನಿಮ್ಮ ಕೆಲಸಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಅರ್ಧ ಕಿಲೋ ತೂಕ ಹೊತ್ತು ಒಂದು ಗಂಟೆ ಕೂರುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಚೌಕಾಸಿಯಲ್ಲಿ ನಾವು ಓದುವುದು ಮುಖವನ್ನು, ಹೆಡ್‌ಸೆಟ್ ಮುಚ್ಚುವುದೂ ಅದನ್ನೇ. ಯಂತ್ರದ ಅಥವಾ ಕಟ್ಟಡದ ಮಾದರಿಯನ್ನು ಸುತ್ತಲೂ ತಿರುಗಿ ನೋಡಬೇಕಾದಾಗ ಮಾತ್ರ ಅದು ನಿಜವಾಗಿ ಉಪಯೋಗ.

ಕೋಣೆ ಕಟ್ಟಿಸುವ ಮುಂಚೆ ಎರಡೂ ಕಡೆ ಬಾಡಿಗೆ ಕೋಣೆ ಸಿಗುತ್ತದೆಯೇ ವಿಚಾರಿಸಿ, ನಾಲ್ಕಾರು ನಿಜವಾದ ಮೀಟಿಂಗ್ ನಡೆಸಿ. ಪ್ರಯಾಣ ಪೂರ್ತಿ ನಿಲ್ಲಿಸಬೇಡಿ. ಹೊಸ ಪಾಲುದಾರರ ಜೊತೆ ಮೊದಲ ಸಲ ಕೂರುವುದಿದ್ದರೆ ದಯವಿಟ್ಟು ವಿಮಾನವನ್ನೇ ಹತ್ತಿ.