ಕಡಿವಾಣ ಬದಲಿಸುವ ಮುನ್ನ ಕುದುರೆಯ ಬಾಯಿ ನೋಡಿ

ಪ್ರಶ್ನೆ: ರೇಸಿನಿಂದ ನಿವೃತ್ತವಾದ ಏಳು ವರ್ಷದ ಥರೋಬ್ರೆಡ್ ಗಂಡು ಕುದುರೆಯನ್ನು ಸವಾರಿಗೆಂದು ಕೊಂಡಿದ್ದೇನೆ. ನಡುವೆ ಒಂದೇ ಕೀಲಿರುವ ಸ್ನಾಫಲ್ (ಲಗಾಮಿನ ಎಳೆತ ನೇರವಾಗಿ ಬಾಯಿಗೆ ತಾಗುವ ಕಡಿವಾಣ) ಹಾಕುತ್ತಿದ್ದೇವೆ. ಲಗಾಮು ಎಳೆದಷ್ಟೂ ಮುನ್ನುಗ್ಗುತ್ತದೆ. ಒಮ್ಮೊಮ್ಮೆ ತಲೆ ಎತ್ತಿ ಬಾಯಿ ತೆರೆಯುತ್ತದೆ. ಕರ್ಬ್ (ಎಳೆತವನ್ನು ಹಿಗ್ಗಿಸುವ, ಗದ್ದದ ಸರಪಳಿಯಿರುವ ಕಡಿವಾಣ) ಹಾಕಿದರೆ ಹತೋಟಿಗೆ ಬರುತ್ತದೆ ಎನ್ನುತ್ತಾರೆ ಲಾಯದವರು. ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಈಗ ಬೇಡ. ನೀವು ಹೇಳಿರುವ ಎರಡು ತೊಂದರೆಗಳಿಗೆ ಕಾರಣಗಳು ಬೇರೆ ಬೇರೆ ಇರುವಂತೆ ಕಾಣುತ್ತದೆ. ಎಳೆದಾಗ ಮುನ್ನುಗ್ಗುವುದು ಕಲಿತ ಅಭ್ಯಾಸ. ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುವಾಗಲೇ ಕುದುರೆ ಕಡಿವಾಣಕ್ಕೆ ಆತು ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗೆ ಪಳಗಿದ ಪ್ರಾಣಿಗೆ ನಿಮ್ಮ ಎಳೆತ ‘ನಿಲ್ಲು’ ಎಂದು ಅರ್ಥವಾಗಬೇಕೆಂದು ಬಯಸುವುದು ಸ್ವಲ್ಪ ಅನ್ಯಾಯವೇ. ತಲೆ ಎತ್ತಿ ಬಾಯಿ ತೆರೆಯುವುದು ಮಾತ್ರ ಬಹುತೇಕ ನೋವಿನ ಸೂಚನೆ.

ಕುದುರೆಯ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಖಾಲಿ ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ಕೆಳದವಡೆಯ ಆ ಏಣಿನಲ್ಲಿ ಮೂಳೆಯ ಮೇಲೆ ತೆಳುವಾದ ವಸಡಿನ ಹೊದಿಕೆಯಷ್ಟೇ ಇರುತ್ತದೆ. ಒಂದೇ ಕೀಲಿನ ಸ್ನಾಫಲ್ಲಿನ ಎರಡೂ ಬದಿಯ ಲಗಾಮನ್ನು ಒಟ್ಟಿಗೆ ಎಳೆದರೆ ಅದು ಅಡಕತ್ತರಿಯಂತೆ ಮಡಚಿಕೊಂಡು ನಾಲಿಗೆಯನ್ನೂ ಏಣುಗಳನ್ನೂ ಒತ್ತುತ್ತದೆ. ಅಳತೆ ಮೀರಿ ಅಗಲವಾಗಿದ್ದರೆ ಕೀಲು ಅಂಗುಳಕ್ಕೂ ಚುಚ್ಚಬಹುದು. ಆದ್ದರಿಂದ ಮೊದಲು ಪಶುವೈದ್ಯರಿಂದ ಹಲ್ಲು ಪರೀಕ್ಷೆ ಮಾಡಿಸಿ. ದವಡೆಹಲ್ಲಿನ ಸಾಲಿಗೆ ಮುಂದೆ ಮೂಡುವ ಪುಟ್ಟ ‘ವುಲ್ಫ್ ಟೂತ್’ಗೆ ಕಡಿವಾಣ ತಾಗುತ್ತಿದೆಯೇ, ಹಲ್ಲಿನ ಚೂಪು ಅಂಚುಗಳು ಕೆನ್ನೆಯ ಒಳಭಾಗವನ್ನು ಕೊಯ್ದಿವೆಯೇ ಎಂಬುದು ತಿಳಿಯದೆ ಯಾವ ಕಡಿವಾಣ ಕೊಂಡರೂ ಹಣ ದಂಡ.

ಬಾಯಿ ಸರಿಯಿದ್ದರೆ ಎರಡು ಕೀಲುಗಳ ನಡುವೆ ನುಣುಪಾದ ಸಣ್ಣ ತುಂಡಿರುವ ಸ್ನಾಫಲ್ ಹಾಕಿ ನೋಡಿ; ಅದು ನಾಲಿಗೆಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಬಾಯಲ್ಲಿ ಕಡಿವಾಣ ಅಲುಗಾಡುವುದನ್ನೇ ಸಹಿಸದ ಕುದುರೆಗಳಿಗೆ ಕೀಲಿಲ್ಲದ, ತುಸು ಬಾಗಿದ ಸರಳು ಹಿತವಾಗುವುದುಂಟು. ದಪ್ಪ ಸರಳು ಸೌಮ್ಯ ಎಂಬ ಮಾತು ಅರ್ಧ ಸತ್ಯ: ನಾಲಿಗೆ ದಪ್ಪವಾಗಿದ್ದು ಅಂಗುಳ ತಗ್ಗಾಗಿದ್ದರೆ ದಪ್ಪ ಸರಳಿಗೆ ಬಾಯಲ್ಲಿ ಜಾಗವೇ ಇರುವುದಿಲ್ಲ. ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ 12.5 ಸೆಂ.ಮೀ. ಆಸುಪಾಸಿನ ಅಗಲದ ಕಡಿವಾಣ ಹೊಂದುತ್ತದೆ. ತುಟಿಯ ಅಂಚಿಗೂ ಕಡಿವಾಣದ ಬದಿಯ ಬಳೆಗೂ ನಡುವೆ ಎರಡೂ ಕಡೆ ಸುಮಾರು ಅರ್ಧ ಸೆಂ.ಮೀ. ಉಳಿಯಬೇಕು, ಕಟಬಾಯಿಯಲ್ಲಿ ಒಂದೆರಡು ಸುಕ್ಕು ಕಂಡರೆ ಸಾಕು.

ಕರ್ಬ್ ಕೆಲಸ ಮಾಡುವುದು ಸನ್ನೆಗೋಲಿನ ತತ್ವದ ಮೇಲೆ. ಲಗಾಮು ಎಳೆದಾಗ ಬದಿಯ ಕಂಬಿ ತಿರುಗಿ, ಗದ್ದದ ಕೆಳಗಿನ ಸರಪಳಿ ಬಿಗಿದು, ನಡುನೆತ್ತಿಯ ಪಟ್ಟಿಯೂ ಕೆಳಕ್ಕೆ ಜಗ್ಗುತ್ತದೆ. ಕಂಬಿಯ ಕೆಳಭಾಗ ಮೇಲ್ಭಾಗದ ಎರಡರಷ್ಟು ಉದ್ದವಿದ್ದರೆ, ಗದ್ದದ ಸರಪಳಿಯ ಮೇಲೆ ಬೀಳುವ ಬಲವೂ ನಿಮ್ಮ ಕೈಯ ಎಳೆತಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಂದರೆ ಸವಾರನ ಕೈಯ ಒರಟುತನವೂ ಅಷ್ಟೇ ಪಾಲು ಹಿಗ್ಗುತ್ತದೆ. ಸ್ಥಿರವಾದ ಕೈಗೂ, ಸ್ನಾಫಲ್ಲಿನಲ್ಲಿ ಚೆನ್ನಾಗಿ ಪಳಗಿದ ಕುದುರೆಗೂ ಅದು ಸೂಕ್ಷ್ಮ ಸಾಧನ. ನಿಮ್ಮ ಕುದುರೆ ಆ ಹಂತಕ್ಕೆ ಬಂದಿಲ್ಲ. ಸದ್ಯಕ್ಕೆ ನಡಿಗೆಯಲ್ಲಿ ಮತ್ತು ಟ್ರಾಟ್‌ನಲ್ಲಿ (ನಡಿಗೆಗಿಂತ ತುಸು ವೇಗದ ಓಟ) ದೊಡ್ಡ ವೃತ್ತಗಳನ್ನು ಹಾಕಿಸಿ. ಲಗಾಮನ್ನು ಒಂದೇ ಸಮನೆ ಜಗ್ಗಿ ಹಿಡಿಯದೆ, ಕ್ಷಣಕಾಲ ತಡೆದು, ಅದು ವೇಗ ತಗ್ಗಿಸಿದ ಕೂಡಲೇ ಸಡಿಲಿಸಿ. ಆತುಕೊಳ್ಳಲು ಆಸರೆ ಸಿಗದ ಕುದುರೆ ಎಳೆಯುವುದನ್ನು ಕ್ರಮೇಣ ಬಿಡುತ್ತದೆ.

ಪ್ರಶ್ನೆ: ಮೆರವಣಿಗೆಯ ಕುದುರೆಗಳ ಬಾಯಲ್ಲಿ ಮುಳ್ಳಿನ ಕಡಿವಾಣ ಕಂಡಿದ್ದೇನೆ. ಇದಕ್ಕೆ ಅನುಮತಿ ಇದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1965ರಲ್ಲಿ ಹೊರಡಿಸಿದ ಕೇಂದ್ರ ನಿಯಮಗಳ 8ನೇ ನಿಯಮವು ಸವಾರಿಗಾಗಲಿ ಗಾಡಿಗಾಗಲಿ ಮುಳ್ಳಿನ ಕಡಿವಾಣ ಬಳಸುವುದನ್ನು ನಿಷೇಧಿಸಿದೆ. ಆ ಮುಳ್ಳುಗಳು ತುಟಿಯನ್ನೂ ನಾಲಿಗೆಯನ್ನೂ ಸೀಳುತ್ತವೆ. ಗಾಯಗೊಂಡ ಬಾಯಿಯ ಕುದುರೆ ನೋವಿಗೆ ಬೆದರಿ ಜನರ ನಡುವೆ ನುಗ್ಗುವ ಅಪಾಯವೂ ಇರುವುದರಿಂದ, ಹತೋಟಿಗಾಗಿ ಹಾಕಿದ್ದೇವೆ ಎಂಬ ಸಮಜಾಯಿಷಿ ಒಪ್ಪುವಂಥದ್ದಲ್ಲ. ಮತ್ತೆ ಕಂಡರೆ ಫೋಟೊ ತೆಗೆದು ಸ್ಥಳೀಯ ಪೊಲೀಸರಿಗೆ ಲಿಖಿತ ದೂರು ಕೊಡಿ.