‘ರನ್’ಗೆ 645 ಅರ್ಥ, ‘ಹೊಡೆ’ಗೆ ಎಷ್ಟು?

‘ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು “ರನ್” ಕ್ರಿಯಾಪದವೊಂದಕ್ಕೇ 645 ಅರ್ಥ ಕೊಟ್ಟಿದ್ದಾರಂತೆ. ನಮ್ಮ “ಓಡು”ಗೆ ಹತ್ತು ಸಿಕ್ಕರೆ ಹೆಚ್ಚು. ಕನ್ನಡ ಅಷ್ಟು ಬಡವೇ? ಇದನ್ನೆಲ್ಲ ಮಕ್ಕಳಿಗೆ ಕಲಿಸುವುದಾದರೂ ಹೇಗೆ?’
– ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ತಿಪಟೂರು

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ. ಆ ಪದವನ್ನು ಬಿಡಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಹಿಡಿಯಿತು. ಅದಕ್ಕೂ ಮೊದಲು ಪಟ್ಟದಲ್ಲಿದ್ದದ್ದು ‘ಸೆಟ್’: 1989ರ ಎರಡನೇ ಆವೃತ್ತಿಯಲ್ಲಿ 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಇನ್ನೂ ಹಿಂದೆ, 1755ರಲ್ಲಿ, ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ‘ಟೇಕ್’ಗೆ 134 ಅರ್ಥ ಬರೆದಿದ್ದರು. ಇಂಗ್ಲಿಷಿನವರ ಈ ಶ್ರದ್ಧೆಗೆ ಕೈ ಮುಗಿಯೋಣ. ಅಷ್ಟಕ್ಕೇ ನಮ್ಮ ಮನೆಯನ್ನು ಹರಾಜಿಗಿಡುವುದು ಬೇಡ.

645 ಬಂದದ್ದು ಎಣಿಸಿದ ರೀತಿಯಿಂದ. ಆಕ್ಸ್‌ಫರ್ಡಿನದು ಚಾರಿತ್ರಿಕ ನಿಘಂಟು. ಶತಮಾನಗಳ ಹಿಂದೆ ಸತ್ತ ಅರ್ಥವನ್ನೂ ಅಲ್ಲಿಂದ ತೆಗೆದುಹಾಕುವುದಿಲ್ಲ. ಸಾಲದ್ದಕ್ಕೆ ‘ರನ್ ಔಟ್’, ‘ರನ್ ಇಂಟು’, ‘ರನ್ ಡೌನ್’ಗಳ ಸಂಸಾರವೂ ಅದೇ ಸೂರಿನಡಿ. ವಿದ್ಯಾರ್ಥಿಗಳ ಡಿಕ್ಷನರಿ ತೆರೆದು ನೋಡಿ, ಅದೇ ಪದ ಒಂದೆರಡು ಪುಟದಲ್ಲಿ ಮುಗಿದಿರುತ್ತದೆ.

ಇನ್ನು ‘ಓಡು’. ಅಂಗಡಿ ಓಡುತ್ತದೆ, ಸಿನಿಮಾ ಓಡುತ್ತದೆ, ತಲೆ ಓಡುವುದಿಲ್ಲ. ಆದರೆ ಹೋಲಿಕೆಗೆ ನೀವು ಆರಿಸಿದ ಪದವೇ ತಪ್ಪು. ‘ಹೊಡೆ’ ತೆಗೆದುಕೊಳ್ಳಿ. ಮೊಳೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಗಿಡಕ್ಕೆ ಔಷಧ ಹೊಡೆಯುತ್ತೇವೆ. ಎತ್ತಿನ ಗಾಡಿ ಹೊಡೆಯುವುದು ಎಂದರೆ ನಡೆಸುವುದು; ಗಾಡಿ ಗಿಡಕ್ಕೆ ಹೊಡೆಯಿತು ಎಂದರೆ ಬೇರೆಯೇ ಕಥೆ. ಹರಟೆ, ಗೊರಕೆ, ನಿದ್ದೆ, ಸೀಟಿ, ಪರೀಕ್ಷೆಯಲ್ಲಿ ಕಾಪಿ, ಎಲ್ಲವನ್ನೂ ಹೊಡೆಯುತ್ತೇವೆ. ಬಿಸಿಲು ಮುಖಕ್ಕೆ ಹೊಡೆಯುತ್ತದೆ, ಹಳಸಿದ ಸಾರು ವಾಸನೆ ಹೊಡೆಯುತ್ತದೆ, ಪುಣ್ಯವಂತನಿಗೆ ಲಾಟರಿ ಹೊಡೆಯುತ್ತದೆ. ಇಷ್ಟರಲ್ಲಿ ಪೆಟ್ಟು ಬಿದ್ದದ್ದು ಎಷ್ಟು ಕಡೆ?

ಇವನ್ನು ಬಿಡಿಸುವ ಕೆಲಸವನ್ನೇ ತರಗತಿಯ ಆಟ ಮಾಡಿ. ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಚೀಟಿ ಸಾಕು. ಎಡಮೂಲೆಯಲ್ಲಿ ಪದ, ಕೆಳಗೆ ಪೂರ್ತಿ ವಾಕ್ಯ, ಅದು ಸಿಕ್ಕ ಜಾಗ, ದಿನಾಂಕ. ಒಂದು ಚೀಟಿಗೆ ಒಂದೇ ವಾಕ್ಯ. ಎರಡು ಬರೆದರೆ ವಿಂಗಡಿಸುವಾಗ ಚೀಟಿ ಹರಿಯಬೇಕಾಗುತ್ತದೆ. ಮೂವತ್ತು ‘ರನ್’ ಸೇರಿದ ಮೇಲೆ ಮೊದಲು ಕರ್ಮ ಇರುವವು, ಇಲ್ಲದವು ಎಂದು ಎರಡು ಗುಡ್ಡೆ. ‘ಅವಳು ಹೋಟೆಲು ರನ್ ಮಾಡುತ್ತಾಳೆ’ ಒಂದು ಕಡೆ, ‘ಮೂಗು ರನ್ ಆಗುತ್ತಿದೆ’ ಇನ್ನೊಂದು ಕಡೆ. ಆಮೇಲೆ ಕರ್ತೃ ನೋಡಿ: ಕಾಲಿರುವುದೇ, ನೀರೇ, ಯಂತ್ರವೇ, ರಸ್ತೆಯೇ? ಕೊನೆಗೆ ‘ರನ್’ ತೆಗೆದು ಬೇರೆ ಕನ್ನಡ ಪದ ಕೂರಿಸಿ. ನಡೆಸು, ಸುರಿ, ಹಾದುಹೋಗು, ಒಗೆದಾಗ ಬಟ್ಟೆ ಬಣ್ಣ ಬಿಡು. ಪದ ಬದಲಾದಲ್ಲಿ ಅರ್ಥವೂ ಒಡೆದಿರಬಹುದು. ಖಚಿತ ಎನ್ನುವಂತಿಲ್ಲ, ಏಕೆಂದರೆ ಆ ಗೆರೆ ಕೆಲವೊಮ್ಮೆ ಕನ್ನಡದ್ದೇ ಹೊರತು ಇಂಗ್ಲಿಷಿನದಲ್ಲ. ಮಕ್ಕಳು ಜಗಳಾಡುವುದು ಇಲ್ಲೇ. ಆಡಲಿ ಬಿಡಿ.

ಗೈಡುಗಳ ‘ಪದ–ಅರ್ಥ’ ಪಟ್ಟಿ ಈ ಜಗಳವನ್ನೇ ಕೊಂದಿದೆ. ಎಡಕ್ಕೆ ರನ್, ಬಲಕ್ಕೆ ಓಡು, ಬಾಯಿಪಾಠ ಮಾಡು, ಮುಗಿಯಿತು. ಹಾಗೆ ಕಲಿತವರು ದೊಡ್ಡವರಾಗಿ ಅಮೆರಿಕದ ಸುದ್ದಿ ಅನುವಾದಿಸಲು ಕೂತರೆ ಅಭ್ಯರ್ಥಿ ಅಧ್ಯಕ್ಷ ಪದವಿಗೆ ‘ಓಡುತ್ತಾನೆ’. (ಇಂಗ್ಲೆಂಡಿನಲ್ಲಾದರೆ ನಮ್ಮ ಹಾಗೆಯೇ ‘ನಿಲ್ಲುತ್ತಾನೆ’.) ದೊಡ್ಡ ನಿಘಂಟು ನಮಗಿಲ್ಲವೆಂದಲ್ಲ. 1894ರಲ್ಲೇ ಕಿಟೆಲ್ ಕೊಟ್ಟರು, ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟ ಕೊಟ್ಟಿತು. ಶಾಲೆಯಲ್ಲಿ ಅವು ಇರುವುದು ಬೀಗ ಹಾಕಿದ ಗಾಜಿನ ಬೀರುವಿನಲ್ಲಿ. ನಿಮ್ಮ ಶಾಲೆಯ ಬೀರುವಿನ ಕೀಲಿ ಯಾರ ಬಳಿ ಇದೆ, ಮೇಷ್ಟ್ರೇ?

‘ಹೊಡೆ’ಗೂ ಹೀಗೇ ಚೀಟಿ ಬರೆಸಿ ಪಟ್ಟಿ ಮಾಡಿದರೆ ಪತ್ರಿಕೆಗೆ ಕಳಿಸಿ, ಅಚ್ಚು ಹಾಕುತ್ತೇವೆ. ಒಂದು ಎಚ್ಚರ: ‘ಭತ್ತಕ್ಕೆ ಹೊಡೆ ಬಂದಿದೆ’ ಎಂದು ಯಾವುದಾದರೂ ರೈತರ ಮಗು ಬರೆದು ತಂದರೆ ಈ ಗುಡ್ಡೆಗೆ ಸೇರಿಸಬೇಡಿ. ಅದು ಇನ್ನೂ ಹೊರಬಾರದ ತೆನೆ. ನಾಮಪದ, ಬೇರೆಯೇ ಮಾತು. ಅದಕ್ಕೆ ಹೊಸ ಚೀಟಿ ಕೊಡಿ.

– ಸಂ.